ಅಕ್ಷರರೂಪದ ಸ್ವಾತಂತ್ರ್ಯವೂ ಪಾಠದ ರಕ್ಷಣೆಯೂ

ಮುದ್ರಿತವಾದ ಯಾವ ಪುಟದಲ್ಲಿಯೂ ಎರಡು ಅಂಶಗಳು ಕೂಡಿರುತ್ತವೆ. ಕಣ್ಣಿಗೆ ಗೋಚರವಾಗುವ ಅಕ್ಷರರೂಪವು ಒಂದು. ಆ ರೂಪವು ಹೊತ್ತಿರುವ ಪಾಠವು ಇನ್ನೊಂದು. ಸಾಮಾನ್ಯ ವಾಚಕನಿಗೆ ಇವು ಬೇರೆಬೇರೆಯೆಂದು ತೋರುವುದಿಲ್ಲ. ಆದರೆ ಪಾಶ್ಚಾತ್ಯರಲ್ಲಿ ‘ಆಧುನಿಕೋತ್ತರ’ವೆಂದು ಹೆಸರಾದ ಮುದ್ರಣವಿನ್ಯಾಸವು ಇವೆರಡರ ನಡುವಣ ಅಂತರವನ್ನೇ ತನ್ನ ಆಟದ ಬಯಲನ್ನಾಗಿ ಮಾಡಿಕೊಂಡಿತು. ಅದೇ ಅಂತರವು ಗಣಕಯಂತ್ರದ ಮೂಲಕ ಕನ್ನಡಕ್ಕೂ ಬಂದಿತು. ಆದರೆ ಇಲ್ಲಿ ಅದು ಆಟವಾಗಿ ಬರಲಿಲ್ಲ. ಈ ಭೇದವನ್ನು ವಿವರಿಸಿ, ಅದರಿಂದ ನಮ್ಮ ವಿದ್ವಾಂಸರಿಗೆ ಒದಗುವ ಕರ್ತವ್ಯವನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿನ ವಿನ್ಯಾಸಕಾರರು ಸ್ಪಷ್ಟತೆಯನ್ನು ಪರಮಧರ್ಮವೆಂದು ಎಣಿಸಿದರು. ಯಾನ್ ಚಿಕೋಲ್ಡನು ೧೯೨೮ರಲ್ಲಿ ಪ್ರಕಟಿಸಿದ ಹೊಸ ಮುದ್ರಣಕಲೆಯ ಗ್ರಂಥವು ಈ ಮತದ ಮುಖ್ಯ ಪ್ರತಿಪಾದನೆಯಾಗಿತ್ತು. ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಪುಟವನ್ನು ಚೌಕಗಳ ಜಾಲವಾಗಿ ವಿಭಾಗಿಸಿ, ಅಲಂಕಾರವಿಲ್ಲದ ಅಕ್ಷರಗಳನ್ನು ಅದರೊಳಗೆ ಇಡುವ ಪದ್ಧತಿಯು ದೃಢವಾಯಿತು. ಇದಕ್ಕೆ ಪ್ರತಿಯಾಗಿ ೧೯೬೮ರಿಂದ ಬಾಸೆಲ್ ನಗರದಲ್ಲಿ ಪಾಠ ಹೇಳುತ್ತಿದ್ದ ವೋಲ್ಫ್‌ಗಾಂಗ್ ವೈಂಗಾರ್ಟನು ಸಾಲುಗಳ ಅಂತರವನ್ನು ಹಿಗ್ಗಿಸಿ, ಛಾಯಾಫಲಕಗಳನ್ನು ಒಂದರ ಮೇಲೊಂದಿಟ್ಟು, ಮುದ್ರಣದ ಚುಕ್ಕಿಗಳನ್ನೇ ಹಿರಿದಾಗಿಸಿ ತೋರಿಸಿದನು. ಸಾಧನವನ್ನು ಮರೆಮಾಡುವುದು ಹಿಂದಿನವರ ನಿಯಮವಾಗಿದ್ದರೆ, ಸಾಧನದ ಗುರುತನ್ನು ಪ್ರಕಟಪಡಿಸುವುದು ಇವನ ರೀತಿಯಾಯಿತು.

೧೯೮೪ರಲ್ಲಿ ಮ್ಯಾಕಿಂಟಾಷ್ ಗಣಕಯಂತ್ರವು ಹೊರಬಂದಾಗ ಈ ರೀತಿಗೆ ಹೊಸ ಉಪಕರಣವೊಂದು ದೊರೆಯಿತು. ಅದರ ತೆರೆಯ ಮೇಲೆ ಅಕ್ಷರವು ಚೌಕಾಕಾರದ ಚುಕ್ಕಿಗಳ ರಾಶಿ ಮಾತ್ರ. ಕಂಬಳಿಯ ನೇಯ್ಗೆಯಲ್ಲಿ ಓರೆಗೆರೆಯು ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ಅಲ್ಲಿ ವಕ್ರರೇಖೆಗಳೆಲ್ಲ ಹಲ್ಲುಹಲ್ಲಾಗಿ ಕಾಣುತ್ತಿದ್ದುವು. ಅನೇಕರು ಇದನ್ನು ದೋಷವೆಂದರು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ‘ಎಮಿಗ್ರೆ’ ಪತ್ರಿಕೆಯವರಾದರೋ ಅದನ್ನು ಗುಣವನ್ನಾಗಿ ಸ್ವೀಕರಿಸಿದರು. ಜುಜಾನಾ ಲಿಕೊ ಎಂಬಾಕೆಯು ಆ ಒರಟು ಚುಕ್ಕಿಗಳಿಂದಲೇ ಹೊಸ ಅಕ್ಷರಮಾಲೆಗಳನ್ನು ನಿರ್ಮಿಸಿದಳು.

ಈ ಮಾರ್ಗದ ಕೊನೆಯ ಹೆಜ್ಜೆಯನ್ನು ೧೯೯೪ರಲ್ಲಿ ‘ರೇ ಗನ್’ ಎಂಬ ಸಂಗೀತಪತ್ರಿಕೆಯಲ್ಲಿ ಕಾಣಬಹುದು. ಅದರ ವಿನ್ಯಾಸಕಾರನಾದ ಡೇವಿಡ್ ಕಾರ್ಸನ್ನನು ಗಾಯಕನೊಬ್ಬನ ಸಂದರ್ಶನವು ನೀರಸವೆಂದು ತೋರಿದುದರಿಂದ, ಅದನ್ನು ಇಡಿಯಾಗಿ ‘ಡಿಂಗ್‌ಬ್ಯಾಟ್ಸ್’ ಎಂಬ ಚಿಹ್ನಮಾಲೆಯಲ್ಲಿ ಅಚ್ಚುಮಾಡಿಸಿದನು. ಯಂತ್ರದ ಸ್ಮೃತಿಯಲ್ಲಿ ಇದ್ದುದು ಇಂಗ್ಲಿಷ್ ಪಾಠ; ಕಣ್ಣಿಗೆ ಕಂಡುದು ನಕ್ಷತ್ರ, ಬಾಣ, ಹೂವುಗಳ ಸಾಲು. ಆದರೆ ಅದೇ ಸಂಚಿಕೆಯ ಕೊನೆಯಲ್ಲಿ ಆ ಸಂದರ್ಶನವು ಓದಲು ಬರುವ ಅಕ್ಷರಗಳಲ್ಲಿಯೂ ಅಚ್ಚಾಗಿತ್ತು. ಎಂದರೆ, ಪಾಠವು ಸುರಕ್ಷಿತವಾಗಿದ್ದುದರಿಂದಲೇ ರೂಪದ ಸ್ವೇಚ್ಛಾವಿಹಾರವು ಸಾಧ್ಯವಾಯಿತು. ಈ ಅಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

೨

ಇನ್ನು ಕನ್ನಡದ ಕಡೆಗೆ ತಿರುಗೋಣ. ಮೇಲೆ ಹೇಳಿದ ಬಾಸೆಲ್ ನಗರದ ಹೆಸರನ್ನೇ ಹೊತ್ತ ಮಿಷನ್ನಿನವರು ಮಂಗಳೂರಿನಲ್ಲಿ ನಡೆಸಿದ ಮುದ್ರಣಾಲಯದಲ್ಲಿ, ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಟಿತು. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈಬರೆಹವೇ ಮುದ್ರಣರೂಪವಾದುದರಿಂದ ಒತ್ತಕ್ಷರ, ಅರ್ಕಾವತ್ತುಗಳಿಗೆ ತೊಡಕಿರಲಿಲ್ಲ. ಲೋಹದ ಅಚ್ಚುಮೊಳೆಗಳಲ್ಲಿ ಅಕ್ಷರವನ್ನು ತುಂಡುಗಳಾಗಿ ಒಡೆದು, ತಲೆಕಟ್ಟು ಒಂದು, ಗುಣಿತಚಿಹ್ನೆ ಒಂದು, ಒತ್ತು ಒಂದು ಎಂದು ಜೋಡಿಸಬೇಕಾಯಿತು. ಆದರೂ ಅಚ್ಚಾದ ಕಾಗದದ ಮೇಲೆ ತುಂಡುಗಳ ಗುರುತು ಉಳಿಯುತ್ತಿರಲಿಲ್ಲ. ಓದುವವನು ಮನುಷ್ಯನೇ ಆದುದರಿಂದ ರೂಪವು ಸರಿಯಾಗಿದ್ದರೆ ಪಾಠವೂ ಸರಿಯೇ.

ಗಣಕಯಂತ್ರದ ಆರಂಭಕಾಲದ ಕನ್ನಡ ತಂತ್ರಾಂಶಗಳು ಇದೇ ತುಂಡುಗಳ ಕ್ರಮವನ್ನು ಅನುಸರಿಸಿದುವು. ಇಂಗ್ಲಿಷ್ ಅಕ್ಷರಗಳಿಗೆಂದು ಗೊತ್ತುಮಾಡಿದ ಸಂಕೇತಗಳ ಮೇಲೆ ಕನ್ನಡದ ತುಂಡುಗಳ ಚಿತ್ರವನ್ನು ಹೊದಿಸಿದರು. ಇದು ಕಾರ್ಸನ್ನನ ಉಪಾಯವೇ ಸರಿ, ಆದರೆ ತಲೆಕೆಳಗಾದುದು. ಇಲ್ಲಿ ಕಣ್ಣಿಗೆ ಕಾಣುವುದು ಶುದ್ಧ ಕನ್ನಡ. ಯಂತ್ರದೊಳಗೆ ಇರುವುದು ಅರ್ಥಶೂನ್ಯವಾದ ಸಂಕೇತಗಳ ಸಾಲು. ಕೊನೆಯ ಪುಟದಲ್ಲಿ ಅಚ್ಚಾಗಬೇಕಾದ ಓದಬಲ್ಲ ಪಾಠವು ಎಲ್ಲಿಯೂ ಇಲ್ಲ.

ಉದಾಹರಣೆಗೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಮೇಲಿರುವ ಐರಣಿಯೆಂಬ ಗ್ರಾಮದ ಹೆಸರನ್ನು ತೆಗೆದುಕೊಳ್ಳೋಣ. ಸರ್ಕಾರದ ಕಛೇರಿಗಳಲ್ಲಿ ಬಹುವಾಗಿ ಬಳಕೆಗೆ ಬಂದ ನುಡಿ ತಂತ್ರಾಂಶದ ಹಳೆಯ ಕ್ರಮದಲ್ಲಿ ಈ ಹೆಸರನ್ನು ಬರೆದರೆ, ಮೊದಲ ಅಕ್ಷರವಾದ ‘ಐ’ಕಾರವು ಇಂಗ್ಲಿಷಿನ ‘ಎಲ್’ ಆಗಿಯೂ, ‘ರ’ಕಾರವು ‘ಜಿ’ಯೊಡನೆ ಇನ್ನೊಂದು ಚಿಹ್ನೆಯಾಗಿಯೂ ಸ್ಮೃತಿಯಲ್ಲಿ ನಿಲ್ಲುತ್ತವೆ. ಆ ಅಕ್ಷರಮಾಲೆಯಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಐರಣಿಯು ಮಾಯವಾಗಿ ಲ್ಯಾಟಿನ್ ಅಕ್ಷರಗಳ ಕಲಬೆರಕೆಯು ಕಾಣುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಕೇಡು ಮತ್ತೊಂದಿದೆ. ನೆರೆಯ ಬ್ಯಾಡಗಿಯ ಹೆಸರಿನಲ್ಲಿ ಉಚ್ಚಾರಣೆಯ ಕ್ರಮವು ಬಕಾರ, ಯಕಾರ, ಆಕಾರ ಎಂದು. ಹಳೆಯ ಕ್ರಮದಲ್ಲಿ ಶೇಖರವಾಗುವುದು ಕೈಬರೆಹದ ಕ್ರಮದಂತೆ ‘ಬಾ’, ಅನಂತರ ಯಕಾರದ ಒತ್ತು. ‘ಕರ್ನಾಟಕ’ವೆಂಬಲ್ಲಿ ರೇಫೆಯು ‘ನಾ’ಕಾರದ ಹಿಂದೆ ಹೋಗಿ ನಿಲ್ಲುತ್ತದೆ. ಮಕಾರಕ್ಕಂತೂ ಸ್ವಂತ ಸಂಕೇತವೇ ಇಲ್ಲ. ವಕಾರದ ತುಂಡಿಗೆ ಬಾಲವನ್ನು ಜೋಡಿಸಿ ಅದನ್ನು ಮಾಡಲಾಗಿದೆ. ಯಕಾರವು ಅನುಸ್ವಾರದ ಸೊನ್ನೆಯಿಂದಲೇ ಆರಂಭವಾಗುತ್ತದೆ. ಆಕೃತಿಯನ್ನು ಮಾತ್ರ ನೋಡುವ ಅಚ್ಚುಗಾರನಿಗೆ ಇದು ಜಾಣತನ. ವರ್ಣವನ್ನು ಅರಸುವ ವೈಯಾಕರಣನಿಗೆ ಇದು ಅನರ್ಥ. ಪದಸೂಚಿಯನ್ನು ಅಕಾರಾದಿಯಾಗಿ ಜೋಡಿಸುವುದಾಗಲಿ, ಪ್ರಯೋಗಗಳನ್ನು ಹುಡುಕುವುದಾಗಲಿ ಇಂಥ ಪಾಠದಲ್ಲಿ ನೆಚ್ಚತಕ್ಕದ್ದಲ್ಲ.

೩

೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿತ್ತು. ಅದರಲ್ಲಿ ಪಾಠವು ಉಚ್ಚಾರಣೆಯ ಕ್ರಮದಲ್ಲಿ ನಿಲ್ಲುತ್ತದೆ: ಐರಣಿಗೆ ಐ, ರ, ಣ, ಇಕಾರಚಿಹ್ನೆ ಎಂದು ನಾಲ್ಕು ಸಂಕೇತಗಳು, ರಾಣೆಬೆನ್ನೂರಿನ ದ್ವಿತ್ವಕ್ಕೆ ನಕಾರ, ಹಲಂತಚಿಹ್ನೆ, ಮತ್ತೆ ನಕಾರ. ಎರಡನೆಯ ನಕಾರವನ್ನು ಕೆಳಗೆ ಒತ್ತಾಗಿ ಇಳಿಸುವ ಕೆಲಸವು ಅಕ್ಷರಮಾಲೆಯ ಪಾಲಿನದು. ಆದುದರಿಂದ ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ದ ಸರಳರೂಪದಲ್ಲಿಯೂ, ಏಕ್ ಟೈಪ್ ಸಂಸ್ಥೆಯವರ ‘ಬಲೂ ತಮ್ಮ’ದ ದುಂಡನೆಯ ದಪ್ಪರೂಪದಲ್ಲಿಯೂ ಒಂದೇ ಪಾಠವು ಕೆಡದೆ ನಿಲ್ಲಬಲ್ಲುದು. ವಿನ್ಯಾಸಕಾರನು ಇನ್ನು ತಲೆಕಟ್ಟನ್ನು ಮುರಿಯಲಿ, ಒತ್ತನ್ನು ಹಿಗ್ಗಿಸಲಿ, ಪಾಠಕ್ಕೆ ಬಾಧಕವಿಲ್ಲ.

ಹೀಗಿರಲು, ಆಧುನಿಕೋತ್ತರ ವಿನ್ಯಾಸವನ್ನು ಕೇವಲ ಉಚ್ಛೃಂಖಲವೆಂದು ತಳ್ಳಿಹಾಕುವುದೂ ಯುಕ್ತವಲ್ಲ, ಅದರ ಬಾಹ್ಯಲಕ್ಷಣಗಳನ್ನು ಅನುಕರಿಸಿದೊಡನೆ ಕನ್ನಡಪುಟವು ಹೊಸತಾಯಿತೆಂದು ಭಾವಿಸುವುದೂ ಯುಕ್ತವಲ್ಲ. ಭದ್ರವಾದ ಪಾಠವಿದ್ದವರಿಗೆ ಮಾತ್ರ ಆ ಸ್ವಾತಂತ್ರ್ಯವು ಲಭ್ಯ. ಹಳೆಯ ಕ್ರಮದಲ್ಲಿ ಜೋಡಿಸಿದ ಸಂಪಾದಿತಗ್ರಂಥಗಳ ಮತ್ತು ಶಬ್ದಸೂಚಿಗಳ ಕಡತಗಳು ಯಾರಲ್ಲಿ ಉಳಿದಿವೆಯೋ ಅವರು ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು ಅವಶ್ಯ. ಪರಿವರ್ತನೆಯಾದ ಮೇಲೆ ರೇಫೆ, ಒತ್ತಕ್ಷರ, ಮಕಾರ, ಯಕಾರ, ಅನುಸ್ವಾರ ಇವುಗಳನ್ನು ಅಚ್ಚಾದ ಪ್ರತಿಯೊಡನೆ ತಾಳೆ ನೋಡಿ ತಿದ್ದತಕ್ಕದ್ದು. ತಾಳೆಯೋಲೆಯ ಪಾಠಾಂತರಗಳನ್ನು ಗುರುತಿಸುವುದರಲ್ಲಿ ನಮ್ಮ ಪೂರ್ವಿಕ ಸಂಪಾದಕರು ತೋರಿಸಿದ ಎಚ್ಚರವು ಈ ಕಾರ್ಯಕ್ಕೂ ಸಲ್ಲಬೇಕು.