ಹೆಗಲು ಮುಟ್ಟಿಕೊಳ್ಳದ ಕಳ್ಳ

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಹೆಗಲು ಮುಟ್ಟಿಕೊಳ್ಳದ ಕಳ್ಳನೂ ಇದ್ದಾನೆ, ಸ್ವಾಮಿ. ಮಾತು ಬೆಣ್ಣೆ, ಮುಖದಲ್ಲಿ ನಗು. ಮಾಡಿದ ಪಾಪಕ್ಕೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಮನಶ್ಶಾಸ್ತ್ರಜ್ಞರು ಇಂಥವನನ್ನು ಸೈಕೋಪಾತ್ ಅನ್ನುತ್ತಾರೆ. ಸಿನಿಮಾದ ಹುಚ್ಚನಲ್ಲ ಇವನು. ಬುದ್ಧಿ ನೆಟ್ಟಗೇ ಇದೆ, ಅಳುಕು ಮಾತ್ರ ಇಲ್ಲ.

ಜೈಲು ತುಂಬಾ ಇರುವ ಕೈದಿಗಳಲ್ಲಿ ಇಂಥವನು ಯಾರು? ಪತ್ತೆ ಹೇಗೆ? ಸುಲಭದ ದಾರಿ ಪ್ರಶ್ನೆಪತ್ರಿಕೆ. ಕೈದಿಯೇ ಓದಿ ‘ಹೌದು’, ‘ಇಲ್ಲ’ ಎಂದು ಗುರುತು ಹಾಕಿದರೆ ಆಯ್ತು. ಖರ್ಚೂ ಕಮ್ಮಿ, ಹೊತ್ತೂ ಕಮ್ಮಿ. ಆದರೆ ಇದು ‘ನಿನ್ನ ತಕ್ಕಡಿ ಸರಿಯಿದೆಯೇನಪ್ಪಾ?’ ಎಂದು ಅಂಗಡಿಯವನನ್ನೇ ಕೇಳಿದ ಹಾಗೆ. ಅಂಗಡಿ ಸಾಹುಕಾರರು ಬೇಸರ ಮಾಡಿಕೊಳ್ಳಬಾರದು!

ಕೆನಡಾದ ಜೈಲುಗಳಲ್ಲಿ 1960ರ ದಶಕದಿಂದ ಕೆಲಸ ಮಾಡಿದ ರಾಬರ್ಟ್ ಹೇರ್ ಎಂಬ ಮನಶ್ಶಾಸ್ತ್ರಜ್ಞರು 1993ರ ತಮ್ಮ ಪುಸ್ತಕದಲ್ಲಿ ಒಂದು ಸಂಗತಿ ಬರೆದಿದ್ದಾರೆ. ಎಂ.ಎಂ.ಪಿ.ಐ. ಎಂಬ 500ಕ್ಕೂ ಹೆಚ್ಚು ಪ್ರಶ್ನೆಗಳ ಪರೀಕ್ಷೆಯ ಪ್ರತಿಗಳನ್ನೂ ಅದರ ಕೈಪಿಡಿಯನ್ನೂ ಒಬ್ಬ ಕೈದಿ ತನ್ನ ಬಳಿಯೇ ಇಟ್ಟುಕೊಂಡಿದ್ದ. ಯಾವ ಪ್ರಶ್ನೆಗೆ ಏನು ಬರೆಯಬೇಕೆಂದು ಉಳಿದವರಿಗೆ ದುಡ್ಡು ತಗೊಂಡು ಹೇಳಿಕೊಡುತ್ತಿದ್ದ. ಜೈಲೊಳಗೇ ಟ್ಯೂಷನ್!

ಹೇರ್ ಬೇರೆ ದಾರಿ ಹಿಡಿದರು. 1980ರಲ್ಲಿ ಒಂದು ಪಟ್ಟಿ ಮಾಡಿದರು, 1991ರಲ್ಲಿ ತಿದ್ದಿದರು. ಒಟ್ಟು 20 ಗುಣ. ಒಂದೊಂದಕ್ಕೂ 0, 1 ಅಥವಾ 2 ಅಂಕ. 40ಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಮೆರಿಕ, ಕೆನಡಾದಲ್ಲಿ ಸಾಮಾನ್ಯವಾಗಿ ಸೈಕೋಪಾತ್ ಎಂಬ ಲೆಕ್ಕ. ಅಂಕ ಹಾಕುವವನು ಕೈದಿಯಲ್ಲ, ತರಬೇತಾದ ತಜ್ಞ. ಕೈದಿಯೊಡನೆ ಮಾತಾಡಿ, ಅವನ ಮಾತನ್ನು ಕೋರ್ಟು-ಜೈಲಿನ ಕಡತಗಳ ಜೊತೆ ತಾಳೆ ನೋಡಬೇಕು.

ಹಾಗಂತ ಪ್ರಶ್ನೆಪತ್ರಿಕೆಯನ್ನು ತಿಪ್ಪೆಗೆ ಎಸೆಯಬೇಕಾಗಿಲ್ಲ. ‘ನನಗೆ ಎಂದೂ ಸಿಟ್ಟೇ ಬಂದಿಲ್ಲ’ ಎನ್ನುವಂಥ ದೇವರಂಥ ಮನುಷ್ಯರನ್ನು ಹಿಡಿಯುವ ಬಲೆ ಅದರೊಳಗೇ ಇರುತ್ತದೆ. ಹೆಸರು ಬರೆಯುವುದು ಬೇಡ, ಬಿಡುಗಡೆಗೂ ಇದಕ್ಕೂ ಸಂಬಂಧವಿಲ್ಲ ಅಂದರೆ ಸುಳ್ಳು ಬರೆದು ಸಿಗುವ ಲಾಭವೂ ಇಲ್ಲ. ಸಂಶೋಧನೆಗೆ ಅದು ಉಪಯೋಗವೇ. ತೊಂದರೆ ಬರುವುದು ಬಿಡುಗಡೆಯ ಆಸೆ ಎದುರಿಗಿದ್ದಾಗ.

ತಜ್ಞರ ತಕ್ಕಡಿಯಾದರೂ ನೆಟ್ಟಗಿದೆಯೇ? ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬನೇ ಅಪರಾಧಿಗೆ ಸರ್ಕಾರದ ಕಡೆಯ ತಜ್ಞರು ಹೆಚ್ಚು ಅಂಕ, ಅವನ ವಕೀಲರ ಕಡೆಯ ತಜ್ಞರು ಕಡಿಮೆ ಅಂಕ ಹಾಕಿದ್ದನ್ನು ಸಂಶೋಧಕರು ಲೆಕ್ಕಹಾಕಿ ತೋರಿಸಿದ್ದಾರೆ. ಅದೇ ಮನುಷ್ಯ, ಅದೇ ಪಟ್ಟಿ!

ಒಬ್ಬ ಮನುಷ್ಯ ಇನ್ನೆಷ್ಟು ವರ್ಷ ಒಳಗಿರಬೇಕು ಎಂಬುದು ಇಂಥ ಅಂಕಗಳ ಮೇಲೂ ನಿಂತಿರುತ್ತದೆ. ಬೇಗ ಬಿಟ್ಟರೆ ಊರಿಗೆ ಅಪಾಯ, ತಪ್ಪಾಗಿ ಹಿಡಿದಿಟ್ಟರೆ ಅವನ ಆಯುಷ್ಯವೇ ಹಾಳು. ಆದ್ದರಿಂದ ಕೈದಿ ಹಾಕಿದ ಗುರುತನ್ನಷ್ಟೇ ನಂಬಿದರೂ ಕಷ್ಟ, ಒಬ್ಬ ತಜ್ಞ ಹಾಕಿದ ಅಂಕವನ್ನಷ್ಟೇ ನಂಬಿದರೂ ಕಷ್ಟ. ಎರಡನ್ನೂ ಕಡತದ ಪಕ್ಕದಲ್ಲಿಟ್ಟು, ಇನ್ನೊಬ್ಬರ ಕೈಲೂ ಒಮ್ಮೆ ತೂಗಿಸಬೇಕು.