ಮಳೆಗಾಲಕ್ಕೊಂದು ಚೋರೀಸ್ ಸರ

ಮೇ ತಿಂಗಳ ಒಂದು ಶುಕ್ರವಾರ ಕಾರವಾರದಿಂದ ಗೋವೆಯ ಮಾಪ್ಸಾ ಸಂತೆಗೆ ಹೋಗುವುದು ನನ್ನ ಹಳೆಯ ರೂಢಿ. ಒಣಮೀನು, ಕೋಕಂ ರಾಶಿಗಳನ್ನು ದಾಟಿದರೆ ಚೋರೀಸ್ ಮಾರುವ ಹೆಂಗಸರು ಸಿಗುತ್ತಾರೆ. ಹಂದಿಮಾಂಸದ ಕಡುಗೆಂಪು ಸಾಸೇಜು, ಜಪಸರದ ಮಣಿಗಳಂತೆ ದಾರಕ್ಕೆ ಕಟ್ಟಿದ್ದು. ತೂಗುವುದಿಲ್ಲ, ಎಣಿಸಿ ಕೊಡುತ್ತಾರೆ. ನಾನು ಮೊದಲು ಹಿಸುಕಿ ನೋಡುತ್ತೇನೆ. ಮೆತ್ತಗಿದ್ದರೆ ಪಕ್ಕದವಳ ಬುಟ್ಟಿಗೆ ಹೋಗುತ್ತೇನೆ.

ಮಾಂಸ ಕೆಡಿಸುವ ಸೂಕ್ಷ್ಮಜೀವಿಗೆ ನೀರು ಬೇಕು. ಚೋರೀಸ್ ಮಾಡುವವರ ದುಡಿಮೆಯೆಲ್ಲ ಆ ನೀರನ್ನು ಕಸಿಯುವುದಕ್ಕೇ. ಮಾಂಸವನ್ನೂ ಕೊಬ್ಬನ್ನೂ ಸಣ್ಣಗೆ ಹೆಚ್ಚಿ, ಹರಳುಪ್ಪು ತಿಕ್ಕಿ, ಮೇಲೆ ಭಾರ ಹೇರುತ್ತಾರೆ. ನೀರು ಬಸಿದ ಮೇಲೆ ಬಿಸಿಲಿಗೆ. ಆಮೇಲೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಅರಿಸಿನ, ಜೀರಿಗೆ, ಲವಂಗ, ದಾಲ್ಚಿನ್ನಿಯನ್ನು ತೆಂಗಿನ ಕಳ್ಳಿನ ವಿನೆಗರ್‌ನಲ್ಲಿ ಅರೆದು ಕಲಸುತ್ತಾರೆ. ಕೆಲವು ದಿನ ನೆನೆದದ್ದನ್ನು ಕರುಳಿಗೆ ತುಂಬಿ, ಗಂಟು ಹಾಕಿ, ಮತ್ತೆ ಬಿಸಿಲಿಗೋ ಒಲೆಯ ಹೊಗೆಗೋ ತೂಗುಹಾಕುತ್ತಾರೆ.

ಚೋರೀಸ್‌ನ ತವರಾದ ಪೋರ್ಚುಗಲ್ಲಿನಲ್ಲಿ ಇದಕ್ಕೆ ದ್ರಾಕ್ಷಿಯ ವೈನ್ ಹಾಕುವುದುಂಟು. ಗೋವೆಯಲ್ಲಿ ಆ ಜಾಗಕ್ಕೆ ಕಳ್ಳಿನ ಹುಳಿ ಬಂತು. ಹುಳಿ ನಾಲಿಗೆಗಷ್ಟೇ ಅಲ್ಲ. ಬೊಟುಲಿಸಂ ಎಂಬ ಮಾರಕ ವಿಷಬಾಧೆಗೆ ಹೆಸರು ಬಂದದ್ದೇ ಸಾಸೇಜಿನಿಂದ: ಲ್ಯಾಟಿನ್‌ನಲ್ಲಿ ಬೊಟುಲಸ್ ಎಂದರೆ ಸಾಸೇಜು. ಜರ್ಮನಿಯ ವೈದ್ಯ ಕವಿ ಯುಸ್ಟಿನುಸ್ ಕೆರ್ನರ್ 1820ರ ಹೊತ್ತಿಗೆ ಸಾಸೇಜು ತಿಂದವರ ಸಾವುಗಳನ್ನು ಬೆನ್ನುಹತ್ತಿ ಬರೆದಿಟ್ಟ. ಪಿಎಚ್ 4.6ಕ್ಕಿಂತ ಕೆಳಗಿಳಿದ ಹುಳಿಯಲ್ಲಿ ಆ ವಿಷ ಉಂಟುಮಾಡುವ ಜೀವಾಣು ಬೆಳೆಯಲಾರದು. ಉಪ್ಪು, ಒಣಗು, ಹುಳಿ, ಹೊಗೆ ಒಂದಕ್ಕೊಂದು ಹೆಗಲು ಕೊಟ್ಟರೆ ಮಾತ್ರ ಫ್ರಿಜ್ಜಿನ ಹಂಗಿಲ್ಲ.

ವ್ಯಾಪಾರ ಈಗ ಸಂತೆಯಿಂದಾಚೆಗೂ ಬೆಳೆದಿದೆ. ಕೋಸ್ತಾಸ್‌ನಂಥ ಕಂಪನಿಗಳು ಪ್ಯಾಕೆಟ್ ಮಾಡಿ ಮಾರುತ್ತವೆ. ಮನೆಯಲ್ಲೇ ಮಾಡುವ ಹೆಂಗಸರಿಗೆ ಖಾಯಂ ಗಿರಾಕಿಗಳಿದ್ದಾರೆ. ಆದರೆ ಅವಸರದ ಮಾಲೂ ಬರುತ್ತದೆ. ಒಮ್ಮೆ ಒಂದು ಅಂಗಡಿಯಿಂದ ತಂದ ಸರವನ್ನು ನಂಬಿ ಅಡುಗೆಮನೆಯಲ್ಲಿ ತೂಗುಹಾಕಿದ್ದೆ. ವಾರದೊಳಗೆ ಬೂಸಲು ಹಿಡಿದು ಪೂರ್ತಿ ಎಸೆಯಬೇಕಾಯಿತು. ಒಣಗದ ಚೋರೀಸನ್ನು ಫ್ರಿಜ್ಜಿನಲ್ಲಿಡಿ ಎಂದು ಹೇಳಿಯೇ ಮಾರಬೇಕು. ಹೇಳದವರ ಮೇಲೆ ನನಗೆ ಸಿಟ್ಟಿದೆ. ಇಷ್ಟು ತಾಳ್ಮೆಯಿಂದ ಕಟ್ಟಿದ ವಿದ್ಯೆಯ ಹೆಸರು ಅದರಿಂದ ಕೆಡುತ್ತದೆ.

ಮಳೆಗಾಲಕ್ಕೆಂದು ಮೊದಲೇ ಕೂಡಿಡುವ ದಾಸ್ತಾನಿಗೆ ಗೋವೆಯವರು ಪುರುಮೆಂತ್ ಎನ್ನುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ವಿರಳವಾಗುವ ಆಗ ಒಲೆಯ ಮೇಲೆ ತೂಗುಹಾಕಿದ ಸರದಿಂದ ಹತ್ತು ಮಣಿ ಕತ್ತರಿಸಿ, ಸಿಪ್ಪೆ ಬಿಡಿಸಿ, ಈರುಳ್ಳಿಯ ಜೊತೆ ತುಸು ನೀರಿನಲ್ಲಿ ಚೆನ್ನಾಗಿ ಬೇಯಿಸುತ್ತೇನೆ. ಎಣ್ಣೆ ಬೇಡ, ಅದರದೇ ಕೊಬ್ಬು ಕರಗಿ ಕೆಂಪಗೆ ತೇಲುತ್ತದೆ. ಪಾವಿನ ಒಳಗೆ ತುಂಬುವಷ್ಟರಲ್ಲಿ ಮನೆಯವರೆಲ್ಲ ಅಡುಗೆಮನೆಯಲ್ಲಿರುತ್ತಾರೆ.