ಬೆಳಕು ಕೊರೆದ ಲ್ಯಾಪ್‌ಟಾಪ್ ಸ್ಟ್ಯಾಂಡ್

ಲೇಸರ್ ಕಟಿಂಗ್ ಯಂತ್ರಕ್ಕೆ ಅಲಗೂ ಇಲ್ಲ, ಹಲ್ಲೂ ಇಲ್ಲ. ಒಂದು ಮಸೂರ ಬೆಳಕಿನ ಕಿರಣವನ್ನು ಒಂದೆರಡು ಕೂದಲೆಳೆ ಅಗಲದ ಚುಕ್ಕೆಗೆ ಇಳಿಸುತ್ತದೆ. ಆ ಚುಕ್ಕೆಯಡಿ ಸಿಕ್ಕ ಮರ ಉರಿಯುವುದಕ್ಕೂ ಪುರುಸೊತ್ತಿಲ್ಲದೆ ಹೊಗೆಯಾಗಿ ಹೋಗುತ್ತದೆ. ಕಂಪ್ಯೂಟರಿನಲ್ಲಿ ಎಳೆದ ಗೆರೆಯ ಮೇಲೆಯೇ ಚುಕ್ಕೆ ಸಾಗುವುದರಿಂದ, ಕೈಗರಗಸಕ್ಕೆ ಇಡೀ ದಿನ ಹಿಡಿಯುವ ಬಳ್ಳಿ, ಜಾಲಿಗಳು ಕೆಲವೇ ನಿಮಿಷಗಳಲ್ಲಿ ಮೂಡುತ್ತವೆ. ಅಲಂಕಾರದ ಲ್ಯಾಪ್‌ಟಾಪ್ ಸ್ಟ್ಯಾಂಡನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗೆ ಇದು ಹೇಳಿ ಮಾಡಿಸಿದ ಯಂತ್ರ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕಾರ್ಬನ್ ಡೈಆಕ್ಸೈಡ್ ಲೇಸರ್. ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ಇದನ್ನು ರೂಪಿಸಿದರು. ಗಾಜಿನ ಕೊಳವೆಯಲ್ಲಿ ತುಂಬಿದ ಅನಿಲಗಳ ಮೂಲಕ ವಿದ್ಯುತ್ ಹರಿದಾಗ ನೈಟ್ರೋಜನ್ ಅಣುಗಳು ಕಂಪಿಸಿ, ತಮ್ಮ ಶಕ್ತಿಯನ್ನು ಕಾರ್ಬನ್ ಡೈಆಕ್ಸೈಡಿಗೆ ದಾಟಿಸುತ್ತವೆ. ಅದರಿಂದ 10.6 ಮೈಕ್ರಾನ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಕಿರಣ ಹೊಮ್ಮುತ್ತದೆ. ಮರ, ಕಾಗದ, ತೊಗಲು, ಅಕ್ರಿಲಿಕ್ ಎಲ್ಲವೂ ಈ ಕಿರಣವನ್ನು ಹೀರಿಕೊಳ್ಳುತ್ತವೆ. ಎರಡನೆಯದು ಮನೆಗಳಲ್ಲಿ ಹೆಚ್ಚು ಕಾಣುವ, ಅಗ್ಗದ ಡಯೋಡ್ ಲೇಸರ್. ಇದರ ಬೆಳಕು ನೀಲಿ, ಸುಮಾರು 450 ನ್ಯಾನೋಮೀಟರ್. ತೆಳು ಪ್ಲೈವುಡ್ಡನ್ನು ಇದು ಕೊರೆಯುತ್ತದೆ. ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಮಾತ್ರ ಕಿಟಕಿ ಗಾಜಿನಲ್ಲಿ ಬಿಸಿಲು ತೂರುವಂತೆ ತೂರಿ ಹೋಗುತ್ತದೆ.

ಸ್ಟ್ಯಾಂಡಿಗೆ 4 ಮಿ.ಮೀ. ಪ್ಲೈವುಡ್ ಸಾಕು. ತ್ರಿಕೋನಾಕಾರದ ಎರಡು ಪಕ್ಕದ ಹಲಗೆಗಳು, ಅವನ್ನು ಹಿಡಿದು ನಿಲ್ಲಿಸುವ ಎರಡು ಅಡ್ಡಪಟ್ಟಿಗಳು, ಮುಂದುಗಡೆ ಲ್ಯಾಪ್‌ಟಾಪ್ ಜಾರದಂತೆ ಒಂದು ತಡೆ. ಹಲಗೆಯ ಕಚ್ಚು ಮೇಲಿನಿಂದ ಅರ್ಧಕ್ಕೆ, ಪಟ್ಟಿಯ ಕಚ್ಚು ಕೆಳಗಿನಿಂದ ಅರ್ಧಕ್ಕೆ ಇದ್ದರೆ ಒಂದರೊಳಗೊಂದು ಕೂರುತ್ತದೆ.

ಇಡೀ ಕೆಲಸದ ಸೋಲು ಗೆಲುವು ಈ ಕಚ್ಚಿನ ಅಗಲದಲ್ಲಿದೆ. ಗರಗಸ ಹೊಟ್ಟು ಉದುರಿಸುವಂತೆ ಲೇಸರ್ ಕೂಡ ತಾನು ಸಾಗಿದ ದಾರಿಯ ಮರವನ್ನು ನುಂಗುತ್ತದೆ, ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ.ನಷ್ಟು. ಗೆರೆಯ ಎರಡೂ ಬದಿಗೆ ಅರ್ಧರ್ಧ ಹೋಗುವುದರಿಂದ, ಬರೆದ ಕಚ್ಚಿಗಿಂತ ಕೊರೆದ ಕಚ್ಚು ಅಷ್ಟು ಅಗಲವಾಗುತ್ತದೆ. ಇನ್ನು ಅಂಗಡಿಯವರು 4 ಮಿ.ಮೀ. ಎಂದು ಕೊಟ್ಟ ಪ್ಲೈವುಡ್ ವರ್ನಿಯರ್ ಕ್ಯಾಲಿಪರಿನಲ್ಲಿ 3.8 ತೋರಿಸುವುದೂ ಉಂಟು. ಆಗ ಕೊರೆತ 0.2 ಇದ್ದರೆ ಕಚ್ಚನ್ನು 3.6 ಎಂದೇ ಬರೆಯಬೇಕು. ಸುಮ್ಮನೆ 4 ಎಂದು ಬರೆದರೆ ಜೋಡಣೆಯಲ್ಲಿ 0.4 ಮಿ.ಮೀ. ಸಡಿಲ ಉಳಿದು ಸ್ಟ್ಯಾಂಡ್ ಅಲುಗಾಡುತ್ತದೆ. ಅದೇ ಹಾಳೆಯ ಮೂಲೆಯಲ್ಲಿ 0.05 ಮಿ.ಮೀ. ಅಂತರದಲ್ಲಿ ಅಗಲ ಬದಲಾಗುವ ನಾಲ್ಕಾರು ಕಚ್ಚುಗಳನ್ನು ಬಾಚಣಿಗೆಯಂತೆ ಕೊರೆದು, ಬಿಗಿಯಾಗಿ ಕೂರುವ ಅಳತೆಯನ್ನು ಹಿಡಿಯುವುದು ಎಲ್ಲಕ್ಕಿಂತ ನಂಬಿಕೆಯ ದಾರಿ.

ಅಲಂಕಾರವನ್ನು ಮೇಲ್ಮೈಯಲ್ಲಿ ಕೆತ್ತಬಹುದು, ಇಲ್ಲವೇ ಆರಪಾರ ಕೊರೆಯಬಹುದು. ಕೆತ್ತಲು ಉತ್ತರ ಕರ್ನಾಟಕದ ಕಸೂತಿ ಚೆನ್ನಾಗಿ ಒಗ್ಗುತ್ತದೆ. ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿಯೇ ಸಾಗುವಂಥವು. ಅವುಗಳ ನೇರ ಗೆರೆ, ಓರೆ ಗೆರೆ, ಮೆಟ್ಟಿಲುಗಳು ಯಂತ್ರದ ಚಲನೆಗೆ ಸಲೀಸು. ಆರಪಾರ ಕೊರೆಯುವವರು ಬೇಲೂರಿನ ಚೆನ್ನಕೇಶವ ದೇಗುಲದ ಜಾಲಂಧ್ರಗಳನ್ನು ನೋಡಬೇಕು. ಅಲ್ಲಿ ಎಷ್ಟು ತೂತುಗಳಿದ್ದರೂ ಉಳಿದ ಕಲ್ಲೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇದೆ. ಸಿಕ್ಕುರಂಗೋಲಿಯನ್ನು ಇದ್ದ ಹಾಗೆಯೇ ಕೊರೆದರೆ, ಗೆರೆ ಸುತ್ತುವರಿದ ಪ್ರತಿ ಮನೆಯೂ ಕಳಚಿ ಬಿದ್ದು ಬರಿಯ ತೂತು ಉಳಿಯುತ್ತದೆ. ಅಲ್ಲಲ್ಲಿ 3 ಮಿ.ಮೀ. ಸೇತುವೆ ಬಿಡಲೇಬೇಕು. ಚಿತ್ತಾರವನ್ನು ತ್ರಿಕೋನದ ನಡುವೆ ಇಟ್ಟು, ಕಚ್ಚುಗಳ ಸುತ್ತ ಮತ್ತು ತಡೆಯ ಬುಡದಲ್ಲಿ ಒಂದು ಸೆಂಟಿಮೀಟರಿನಷ್ಟು ಮರವನ್ನು ಮುಟ್ಟದೆ ಬಿಡುವುದು ಜಾಣತನ. ಲ್ಯಾಪ್‌ಟಾಪಿನ ಭಾರ ಹೊರುವುದು ಅದೇ ಜಾಗ. ಚೂಪಾದ ಒಳಮೂಲೆಗಳಿಂದಲೇ ಸೀಳು ಹುಟ್ಟುವುದರಿಂದ ಅವನ್ನು ಸ್ವಲ್ಪ ದುಂಡಾಗಿಸಬೇಕು.

ಯಂತ್ರದಲ್ಲಿ ಮೊದಲು ಕೆತ್ತನೆ, ಆಮೇಲೆ ಒಳಗಿನ ತೂತುಗಳು, ಕೊನೆಗೆ ಹೊರಗಿನ ಅಂಚು. ಅಂಚನ್ನೇ ಮೊದಲು ಕೊರೆದರೆ ತುಂಡು ಸಡಿಲಗೊಂಡು ಜರುಗಿ ಚಿತ್ತಾರ ಕೆಡುತ್ತದೆ. ಮರದ ಮೇಲೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿದ್ದರೆ ಹೊಗೆಯ ಕಲೆ ಟೇಪಿಗೆ ಹತ್ತುತ್ತದೆ.

ಎಚ್ಚರಿಕೆಯ ವಿಷಯದಲ್ಲಿ ರಿಯಾಯಿತಿ ಬೇಡ. ನೀಲಿ ಲೇಸರ್ ಕಣ್ಣಿನ ಮಸೂರವನ್ನು ದಾಟಿ ಅಕ್ಷಿಪಟದ ಮೇಲೆ ನಾಟುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಆಗುವ ಗಾಯ ವಾಸಿಯಾಗುವುದಿಲ್ಲ. ಆಯಾ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಬೇಕು, ತಂಪು ಕನ್ನಡಕ ನಡೆಯದು. ಹೊಗೆಯನ್ನು ಫ್ಯಾನಿಟ್ಟು ಹೊರಗೆ ಕಳಿಸಬೇಕು. ಪಿವಿಸಿ ಹಾಳೆಯನ್ನು ಎಂದಿಗೂ ಕೊರೆಯಬಾರದು. ಅದರಿಂದ ಏಳುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನೂ ಯಂತ್ರದ ಲೋಹವನ್ನೂ ಸುಡುತ್ತದೆ. ಕೆಲಸ ನಡೆಯುವಾಗ ಯಂತ್ರದ ಬಳಿ ಒಬ್ಬರು ಇರಲೇಬೇಕು, ಅಗ್ನಿಶಾಮಕ ಕೈಗೆಟುಕುವಂತಿರಬೇಕು. ಮನೆಯಲ್ಲಿ ಇಷ್ಟಕ್ಕೆ ಅನುಕೂಲವಿಲ್ಲದವರು ಚಿತ್ರವನ್ನು ಮಾತ್ರ ತಯಾರಿಸಿ, ಲೇಸರ್ ಯಂತ್ರವಿರುವ ನಾಮಫಲಕದ ಅಂಗಡಿಗೆ ಒಯ್ಯುವುದೇ ಮೇಲು.

ಕೊರೆದ ಅಂಚಿನ ಕಪ್ಪು ಬರಿಯ ಇದ್ದಿಲು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ತೆಳುವಾಗಿ ವಾರ್ನಿಷ್ ಬಳಿದರೆ ಕೈಗೆ ಮಸಿ ಹತ್ತುವುದಿಲ್ಲ. ಕಚ್ಚುಗಳ ಒಳಗೆ ಮಾತ್ರ ವಾರ್ನಿಷ್ ಇಳಿಯಬಾರದು, ಅಲ್ಲಿ ಒಂದು ಪದರ ಕೂತರೂ ಅಳತೆ ತಪ್ಪುತ್ತದೆ. ಅಳತೆ ಸರಿಯಿದ್ದ ಸ್ಟ್ಯಾಂಡಿಗೆ ಫೆವಿಕಾಲ್ ಬೇಕಿಲ್ಲ; ಎಲ್ಲ ತುಂಡುಗಳನ್ನೂ ಬಿಚ್ಚಿ ಲ್ಯಾಪ್‌ಟಾಪಿನ ಜೊತೆಗೆ ಅದೇ ಚೀಲದಲ್ಲಿ ಒಯ್ಯಬಹುದು.